ಅಪ್ಪ ಕುಡಿತ ಬಿಡುವ ತನಕ ಮಕ್ಕಳು ಕಾಯಬೇಕೇ?

ಮಾನ್ಯ ಸಂಪಾದಕರಿಗೆ,

ನಮ್ಮ ರಾಜ್ಯದಲ್ಲಿ ಮದ್ಯದ ಮಾತು ಪತ್ರಿಕೆಗಳ ಮುಖಪುಟಕ್ಕೆ ಬರುವುದು ಹೆಚ್ಚಾಗಿ ಎರಡೇ ಸಂದರ್ಭಗಳಲ್ಲಿ. ಬಜೆಟ್ ಮಂಡನೆಯಾದ ಮರುದಿನ ಅಬಕಾರಿ ಇಲಾಖೆಗೆ ಎಷ್ಟು ಕೋಟಿಯ ಗುರಿ ಕೊಡಲಾಗಿದೆ ಎಂಬ ಸುದ್ದಿ ಬರುತ್ತದೆ. 2025–26ನೇ ಸಾಲಿಗೆ ಆ ಗುರಿ 40,000 ಕೋಟಿ ರೂಪಾಯಿ. ಇಲ್ಲವೇ ಯಾವುದೋ ಊರಿನ ಹೆಂಗಸರು ಮದ್ಯದಂಗಡಿ ಮುಚ್ಚಿಸಿರೆಂದು ಧರಣಿ ಕೂತಾಗ ನಿಷೇಧ ಬೇಕೇ ಬೇಡವೇ ಎಂಬ ಹಳೆಯ ವಾದ ಮತ್ತೆ ಶುರುವಾಗುತ್ತದೆ. ಈ ಎರಡರಲ್ಲೂ ಕಾಣದೆ ಉಳಿಯುವವರು ಆ ಮನೆಗಳ ಹದಿಮೂರರಿಂದ ಹದಿನೆಂಟರ ನಡುವಿನ ಮಕ್ಕಳು. ಅಪ್ಪ ಕುಡಿತ ಬಿಟ್ಟರೆ ಮಕ್ಕಳ ಕಷ್ಟ ತಾನಾಗಿ ಬಗೆಹರಿಯುತ್ತದೆ ಎಂದು ಸರ್ಕಾರ, ಸಂಘಸಂಸ್ಥೆಗಳು, ನೆಂಟರಿಷ್ಟರು ಎಲ್ಲರೂ ನಂಬಿಕೊಂಡಂತಿದೆ. ಅಪ್ಪ ಬಿಡುವುದಕ್ಕೆ ಹತ್ತು ವರ್ಷ ಹಿಡಿಯಬಹುದು, ಬಿಡದೆಯೂ ಇರಬಹುದು. ಮಗಳ ದ್ವಿತೀಯ ಪಿಯುಸಿ ಮಾತ್ರ ಬರುವ ಮಾರ್ಚಿಗೇ ಮುಗಿದುಹೋಗುತ್ತದೆ. ಆದ್ದರಿಂದ ಅಪ್ಪನ ಕುಡಿತ ನಿಲ್ಲಲಿ, ನಿಲ್ಲದಿರಲಿ, ಮಕ್ಕಳಿಗೆ ಸಲ್ಲಬೇಕಾದ ನೆರವು ಅದಕ್ಕೆ ಕಾಯದೆ ಮೊದಲೇ ಸಲ್ಲಬೇಕು ಎಂದು ಹೇಳುವುದಕ್ಕಾಗಿ ಈ ಪತ್ರ.

ನಾನು ಮೆಟ್ರಿಕ್ ನಂತರದ ಬಾಲಕಿಯರ ವಿದ್ಯಾರ್ಥಿನಿಲಯಗಳಲ್ಲಿ ನಿಲಯಪಾಲಕಿಯಾಗಿ ದುಡಿದು ನಿವೃತ್ತಳಾದವಳು. ಮಕ್ಕಳ ಮನೆಯ ಸ್ಥಿತಿಗತಿ ಅರ್ಜಿಯ ಜೊತೆ ಲಗತ್ತಿಸುವ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಂದ ತಿಳಿಯುವುದಕ್ಕಿಂತ ಹೆಚ್ಚಾಗಿ ಅವರು ಮನೆಗೆ ಫೋನ್ ಮಾಡುವ ಹೊತ್ತಿನಿಂದ ತಿಳಿಯುತ್ತದೆ. ಕೆಲವು ಹುಡುಗಿಯರು ಸಂಜೆ ಏಳರೊಳಗೆ ಹೇಗಾದರೂ ಮಾಡಿ ಅಮ್ಮನ ಜೊತೆ ಮಾತು ಮುಗಿಸಿಬಿಡುತ್ತಿದ್ದರು. ಊಟವಾದ ಮೇಲೆ ನಿಧಾನವಾಗಿ ಮಾತಾಡಬಾರದೇ ಎಂದು ಒಬ್ಬಳನ್ನು ಕೇಳಿದ್ದಕ್ಕೆ, ‘ಎಂಟಾದ್ರೆ ಅಪ್ಪ ಬಂದಿರ್ತಾರೆ ಮೇಡಂ, ಆಮೇಲೆ ಅಮ್ಮ ಫೋನ್ ಎತ್ತಲ್ಲ’ ಎಂದಳು. ಅದೇ ಹುಡುಗಿ ಬೆಳಿಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಫೋನ್ ಮಾಡುತ್ತಿದ್ದಳು. ನೀರು ಬಂತಾ, ಹಸು ಹಾಲು ಕೊಡ್ತಾ ಎಂದು ಏನೇನೋ ಕೇಳುತ್ತಾ ಅಮ್ಮನ ದನಿ ಹೇಗಿದೆ ಎಂದು ಆಲಿಸುತ್ತಿದ್ದಳು. ತಮ್ಮ ರಾತ್ರಿ ಎಲ್ಲಿ ಮಲಗಿದ್ದ ಎಂಬುದು ಅವಳ ಕೊನೆಯ ಪ್ರಶ್ನೆ. ಪಕ್ಕದ ಬೀದಿಯ ಅತ್ತೆಯ ಮನೆಯಲ್ಲಿ ಎಂಬ ಉತ್ತರ ಬಂದರೆ ಹಿಂದಿನ ರಾತ್ರಿ ಹೊಡೆದಾಟವಾಗಿದೆ ಎಂದೇ ಅರ್ಥ. ಆ ದಿನ ಅವಳು ತಿಂಡಿಗೆ ಬರುತ್ತಿರಲಿಲ್ಲ.

ಇಂಥ ಮನೆಗಳಲ್ಲಿ ಬೆಳೆದ ಮಕ್ಕಳ ಕಿವಿ ಬಹಳ ಚುರುಕು. ಬೈಕು ಬಂದು ನಿಂತ ರೀತಿ, ಗೇಟು ತೆಗೆದ ಸದ್ದು, ಜಗುಲಿಯಲ್ಲಿ ಚಪ್ಪಲಿ ಬಿಟ್ಟ ಬಗೆ ಇಷ್ಟರಿಂದಲೇ ಇವತ್ತು ಎಷ್ಟು ಕುಡಿದಿದ್ದಾರೆ, ಸುಮ್ಮನೆ ಉಂಡು ಮಲಗುತ್ತಾರೋ ತಟ್ಟೆ ಎಸೆಯುತ್ತಾರೋ ಎಂದು ಅಳೆದು, ಅದಕ್ಕೆ ತಕ್ಕಂತೆ ಪುಸ್ತಕ ಮಡಚಿ ದೀಪವಾರಿಸಿ ನಿದ್ದೆ ಬಂದವರಂತೆ ಮಲಗುವುದನ್ನು ಅವರು ಏಳನೇ ಎಂಟನೇ ತರಗತಿಯ ಹೊತ್ತಿಗೇ ಕಲಿತಿರುತ್ತಾರೆ. ಊರಿನಿಂದ ದೂರದ ಹಾಸ್ಟೆಲಿಗೆ ಬಂದು ಸೇರಿದ ಮೇಲೂ ಆ ಅಭ್ಯಾಸ ಬಿಡುವುದಿಲ್ಲ. ರಾತ್ರಿ ಯಾರೋ ಬಾಗಿಲು ಜೋರಾಗಿ ಹಾಕಿದಾಗ ಉಳಿದವರು ಮಗ್ಗುಲು ಬದಲಿಸಿದರೆ ಇವರು ಎದ್ದು ಕೂರುತ್ತಾರೆ. ಕಾಲೇಜಿನಲ್ಲಿ ಉಪನ್ಯಾಸಕರು ಈ ಹುಡುಗಿಗೆ ಪಾಠದ ಕಡೆ ಗಮನವೇ ಇಲ್ಲ ಎಂದು ದೂರುತ್ತಾರೆ. ಅವಳ ಗಮನವೆಲ್ಲ ಊರಿನಲ್ಲಿದೆ ಎಂಬುದು ಅವರಿಗೆ ತಿಳಿಯುವ ದಾರಿಯಿಲ್ಲ, ಏಕೆಂದರೆ ಅವಳು ಹೇಳುವುದಿಲ್ಲ. ಹೇಳಬಾರದು ಎಂದು ಮನೆಯಲ್ಲಿ ಯಾರೂ ಕಟ್ಟಪ್ಪಣೆ ಮಾಡಿರುವುದಿಲ್ಲ. ಅಪ್ಪನಿಗೆ ಹುಷಾರಿಲ್ಲ ಎಂದು ಅಮ್ಮ ನೆಂಟರಿಗೆ ಹೇಳುವುದನ್ನು ಕೇಳಿ ಕೇಳಿ ಮಕ್ಕಳೂ ಹಾಗೆಯೇ ಹೇಳಲು ಕಲಿತಿರುತ್ತಾರೆ.

ಹೊರಗಿನವರಿಗೆ ಅಷ್ಟಾಗಿ ಅರ್ಥವಾಗದ ಇನ್ನೊಂದು ಸಂಕಟವಿದೆ. ಕುಡಿಯುವ ಅಪ್ಪ ವರ್ಷದ ಮುನ್ನೂರ ಅರವತ್ತೈದು ದಿನವೂ ಕೆಟ್ಟವನಾಗಿರುವುದಿಲ್ಲ. ಕುಡಿಯದ ದಿನ ಅವನು ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಿಡುತ್ತಾನೆ, ಅವಳಿಗೆ ಬಂದ ಅಂಕಗಳನ್ನು ಊರೆಲ್ಲ ಹೇಳಿಕೊಂಡು ಬರುತ್ತಾನೆ, ಹಾಸ್ಟೆಲಿಗೆ ಚಕ್ಕುಲಿ ನಿಪ್ಪಟ್ಟಿನ ಡಬ್ಬಿ ತಂದುಕೊಟ್ಟು ನನ್ನ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಮಗಳು ಅವನನ್ನು ಪೂರ್ತಿಯಾಗಿ ದ್ವೇಷಿಸಲಾರಳು, ಪೂರ್ತಿಯಾಗಿ ನಂಬಲಾರಳು. ಅಪ್ಪ ಸರಿಯಿಲ್ಲ ಎಂದು ಯಾರಾದರೂ ಅಂದರೆ ಅವಳಿಗೇ ಸಿಟ್ಟು ಬರುತ್ತದೆ. ಆಪ್ತಸಮಾಲೋಚನೆಯ ಹೆಸರಿನಲ್ಲಿ ಮೊದಲ ಮಾತಿಗೇ ಅಪ್ಪನನ್ನು ಬೈಯುವವರ ಬಳಿಗೆ ಈ ಮಕ್ಕಳು ಎರಡನೆಯ ಸಲ ಹೋಗದಿರುವುದಕ್ಕೆ ಕಾರಣ ಇದು.

ಓದಿನಲ್ಲಿ ಹಿಂದೆ ಬಿದ್ದವರು, ತಂಟೆ ಮಾಡುವವರು ಹೇಗೋ ಕಣ್ಣಿಗೆ ಬೀಳುತ್ತಾರೆ. ನನಗೆ ಹೆಚ್ಚು ಆತಂಕ ಹುಟ್ಟಿಸುತ್ತಿದ್ದವರು ಯಾವ ತಂಟೆಗೂ ಹೋಗದ, ಎಲ್ಲರೂ ‘ಎಷ್ಟು ಜವಾಬ್ದಾರಿ ಇದೆ ನೋಡಿ’ ಎಂದು ಮೆಚ್ಚುವ ಹಿರಿಯ ಹೆಣ್ಣುಮಕ್ಕಳು. ಅಮ್ಮ ಸೇರಿರುವ ಸಂಘದ ಕಂತು ಯಾವ ವಾರ, ಮೈಕ್ರೋ ಫೈನಾನ್ಸಿನವರು ಮನೆ ಮುಂದೆ ಬಂದು ನಿಲ್ಲುವುದು ಯಾವ ದಿನ, ಕಿರಾಣಿ ಅಂಗಡಿಯಲ್ಲಿ ಉದ್ರಿ ಎಷ್ಟಾಗಿದೆ, ಕೂಲಿಯ ದುಡ್ಡು ಬಾರಿಗೆ ಹೋಗುವ ಮೊದಲು ಅಪ್ಪನ ಜೇಬಿನಿಂದ ಯಾವ ನೆಪ ಹೇಳಿ ತೆಗೆಯಬೇಕು ಎಂಬುದೆಲ್ಲ ಹದಿನಾರರ ಹುಡುಗಿಗೆ ಬಾಯಿಪಾಠವಾಗಿರುತ್ತದೆ. ವಿದ್ಯಾರ್ಥಿವೇತನ ಖಾತೆಗೆ ಬಿದ್ದ ದಿನ ತನಗೆ ಬೇಕಾದ ಕೋಚಿಂಗ್ ಪುಸ್ತಕವನ್ನು ಬಿಟ್ಟು ತಮ್ಮನ ಶೂಗೆ, ಅಮ್ಮನ ಕಂತಿಗೆ ಅದನ್ನು ಹಂಚಿಬಿಡುವ ಮಕ್ಕಳನ್ನು ನಾನು ಪ್ರತಿವರ್ಷ ನೋಡಿದ್ದೇನೆ. ತಾನೂ ಒಬ್ಬಳು ಮಗು ಎಂಬುದನ್ನು ಮರೆತು ಮನೆಯ ಯಜಮಾನಿಕೆ ಹೊತ್ತವಳನ್ನು ನಾವು ಹೊಗಳಿ ಕೂರುತ್ತೇವೆ; ಆ ಹೊಗಳಿಕೆಯಿಂದಾಗಿ ಅವಳು ಸೋತೆ ಎಂದು ಹೇಳಿಕೊಳ್ಳುವ ದಾರಿಯೂ ಮುಚ್ಚುತ್ತದೆ. ಇಂಥವರಲ್ಲಿ ಕೆಲವರು ಮೊದಲು ಬಂದ ಸಂಬಂಧಕ್ಕೇ ಒಪ್ಪಿಕೊಂಡು ಓದು ನಿಲ್ಲಿಸುತ್ತಾರೆ. ಗಂಡ ಹೇಗಿದ್ದಾನೆ ಎಂದು ಯೋಚಿಸುವ ಮೊದಲು ಈ ಮನೆಯಿಂದ ಹೊರಬಿದ್ದರೆ ಸಾಕು ಎಂದು ಅವರಿಗೆ ಅನಿಸಿರುತ್ತದೆ.

ಗಂಡುಮಕ್ಕಳ ವಿಷಯ ನನಗೆ ಸಹೋದ್ಯೋಗಿಗಳ ಬಾಯಿಂದ ತಿಳಿದದ್ದು. ಹದಿನೈದು ಹದಿನಾರಕ್ಕೆ ಅಪ್ಪನ ಎತ್ತರಕ್ಕೆ ಬಂದ ಹುಡುಗ ಅಮ್ಮನ ಮೇಲೆ ಎತ್ತಿದ ಕೈಯನ್ನು ಒಂದು ದಿನ ಹಿಡಿದು ನಿಲ್ಲಿಸುತ್ತಾನೆ, ಇನ್ನೊಂದು ದಿನ ತಿರುಗಿ ಹೊಡೆಯುತ್ತಾನೆ, ಆಮೇಲೆ ಆ ಮನೆಯಲ್ಲಿ ಇರಲಾರದೆ ಎಸ್ಎಸ್ಎಲ್‌ಸಿ ಬಿಟ್ಟು ಗ್ಯಾರೇಜಿಗೋ ಬೋರ್‌ವೆಲ್ ಲಾರಿಗೋ ಸೇರುತ್ತಾನೆ. ಅಲ್ಲಿ ಜೊತೆಯವರು ಕೊಟ್ಟ ಮೊದಲ ಕ್ವಾರ್ಟರನ್ನು ಬೇಡ ಎನ್ನಲು ಅವನಿಗೆ ಬಲವಿರುವುದಿಲ್ಲ. ಕುಡಿತಕ್ಕೆ ಒಲಿಯುವ ಸ್ವಭಾವದಲ್ಲಿ ಅನುವಂಶೀಯತೆಯ ಪಾಲೂ ಇದೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಮಾತು. ಆದರೆ ಅಪ್ಪನಂತೆ ಮಗನೂ ಎಂದು ಊರವರು ಹಣೆಪಟ್ಟಿ ಕಟ್ಟುವುದಕ್ಕೆ ಅದು ಆಧಾರವಾಗಲಾರದು. ಕುಡುಕರ ಮನೆಯಲ್ಲಿ ಹುಟ್ಟಿಯೂ ಜೀವನದಲ್ಲಿ ಒಂದು ಹನಿ ಮುಟ್ಟದವರು ಎಷ್ಟೋ ಮಂದಿ ಇದ್ದಾರೆ.

ಇದು ಬಡವರ ಮನೆಯ ಕಥೆ ಎಂದು ಪತ್ರಿಕೆಯ ಓದುಗರು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಬಾಗಿಲು ದಪ್ಪವಾಗಿರುವುದರಿಂದ ಸದ್ದು ಹೊರಗೆ ಕೇಳುವುದಿಲ್ಲ, ಅಷ್ಟೇ. ಕುಡಿಯುವವಳು ತಾಯಿಯಾಗಿದ್ದರಂತೂ ಮಕ್ಕಳು ಅದನ್ನು ಪ್ರಾಣ ಹೋದರೂ ಹೇಳುವುದಿಲ್ಲ.

ನಾನು ಕಂಡದ್ದನ್ನಷ್ಟೇ ಹೇಳಿದರೆ ಸಾಲದು. 2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಪದೇ ಪದೇ ಕುಡಿದು ಬರುವ ಗಂಡಂದಿರಿರುವ ಮಹಿಳೆಯರಲ್ಲಿ ಸುಮಾರು ಶೇ 70 ಮಂದಿ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. ಗಂಡ ಕುಡಿಯದ ಮನೆಗಳಲ್ಲಿ ಈ ಪ್ರಮಾಣ ಸುಮಾರು ಶೇ 23. ಹೆಂಡತಿಯನ್ನು ಕೇಳಿ ಬರೆದುಕೊಂಡ ಈ ಲೆಕ್ಕದ ಹಿಂದೆ, ಅದೇ ಕೋಣೆಯಲ್ಲಿ ಕಣ್ಣುಮುಚ್ಚಿ ಮಲಗಿದ್ದ ಮಕ್ಕಳೂ ಇದ್ದಾರೆ. ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಪ್ರಕಟಿಸಿದ ಅಧ್ಯಯನವು ಬಾಲ್ಯದ ಆಘಾತಗಳ ಪಟ್ಟಿಯಲ್ಲಿ ಮನೆಯಲ್ಲಿ ವಿಪರೀತ ಕುಡಿಯುವವರಿರುವುದನ್ನೂ ಸೇರಿಸಿತ್ತು. ಇಂಥ ಅನುಭವಗಳು ಹೆಚ್ಚಾದಂತೆ ಮುಂದೆ ಖಿನ್ನತೆ, ಹೃದ್ರೋಗ, ಚಟಗಳ ಸಾಧ್ಯತೆಯೂ ಮೆಟ್ಟಿಲು ಮೆಟ್ಟಿಲಾಗಿ ಏರುವುದನ್ನು ಅದು ತೋರಿಸಿತು. ಎಲ್ಲಕ್ಕಿಂತ ಮುಖ್ಯವಾದ ಅಂಕಿ ನನ್ನ ದೃಷ್ಟಿಯಲ್ಲಿ ಬೇರೆಯದು. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಹೊರತಂದ ಸಮೀಕ್ಷೆಯ ಪ್ರಕಾರ, ಮದ್ಯದ ಚಟ ಅಂಟಿದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅಪ್ಪನ ಚಿಕಿತ್ಸೆಯೇ ಮಕ್ಕಳ ಪರಿಹಾರ ಎಂದು ನಾವು ಹೇಳುತ್ತಾ ಹೋದರೆ, ಆ ಉಳಿದ ಮೂವತ್ತೇಳು ಮನೆಗಳ ಮಕ್ಕಳಿಗೆ ಕೊಡಲು ನಮ್ಮ ಬಳಿ ಏನೂ ಇಲ್ಲವೆಂದಾಯಿತು.

ಚಿಕಿತ್ಸೆಯ ಬಗ್ಗೆ ತಿಳಿವಳಿಕೆ ಇಲ್ಲದೆ ಮಕ್ಕಳೇ ವೈದ್ಯರಾಗಬೇಕಾದ ಸ್ಥಿತಿಯೂ ಇದೆ. 2020ರ ಲಾಕ್‌ಡೌನಿನಲ್ಲಿ ಮಾರ್ಚ್ ಕೊನೆಯಿಂದ ಮೇ 4ರ ತನಕ ಮದ್ಯದಂಗಡಿಗಳು ಮುಚ್ಚಿದ್ದಾಗ ಹಾಸ್ಟೆಲ್ ಮಕ್ಕಳೂ ಊರಿನಲ್ಲಿದ್ದರು. ಅಪ್ಪ ಕೈನಡುಕ, ಬೆವರಿನಿಂದ ಶುರುಮಾಡಿ ಎರಡು ಮೂರನೆಯ ದಿನಕ್ಕೆ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಾಡಿದ್ದನ್ನು, ದೆವ್ವ ಹಿಡಿದಿದೆ ಎಂದು ತಿಳಿದು ಅವನನ್ನು ಮಂಚಕ್ಕೆ ಕಟ್ಟಿ ಕೂತದ್ದನ್ನು ಆಮೇಲೆ ಒಬ್ಬಳು ನನಗೆ ಹೇಳಿದಳು. ದಿನಾ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಜೀವಕ್ಕೂ ಅಪಾಯವಿದೆ. ಅದು ಆಸ್ಪತ್ರೆಯಲ್ಲಿ ಔಷಧಿಯ ನೆರವಿನಿಂದ ದಾಟಬೇಕಾದ ಘಟ್ಟ. ಅಪ್ಪನನ್ನು ಕೋಣೆಯಲ್ಲಿ ಕೂಡಿಹಾಕಿದರೆ ಚಟ ಬಿಡುತ್ತದೆ ಎಂದು ನಂಬಿರುವ ಮನೆಗಳಲ್ಲಿ ಬಾಗಿಲ ಹೊರಗೆ ಕಾವಲು ಕೂರುವುದು ಸಾಮಾನ್ಯವಾಗಿ ದೊಡ್ಡ ಮಗ ಅಥವಾ ಮಗಳು. ಅಲ್ಲಿ ಏನಾದರೂ ಅನಾಹುತವಾದರೆ ಅದರ ಹೊರೆಯನ್ನು ಆ ಮಗು ಆಯುಷ್ಯವಿಡೀ ಹೊರಬೇಕಾಗುತ್ತದೆ.

ಮಕ್ಕಳನ್ನೇ ಮದ್ಯ ತರಲು ಕಳಿಸುವ ಪದ್ಧತಿಯ ಬಗ್ಗೆಯೂ ಒಂದು ಮಾತು. ಹಳ್ಳಿಯ ಗೂಡಂಗಡಿಗಳಲ್ಲಿ ಪರವಾನಗಿ ಇಲ್ಲದೆ ಮಾರುವ ಟೆಟ್ರಾ ಪ್ಯಾಕನ್ನು ಬೀಡಿ ಬೆಂಕಿಪೊಟ್ಟಣದ ಜೊತೆ ತರಿಸಿಕೊಳ್ಳುವುದು ತಪ್ಪೆಂದು ಯಾರಿಗೂ ಅನಿಸುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 78ನೇ ಕಲಮಿನಂತೆ ಮದ್ಯ ಮಾರಲು, ಒಯ್ಯಲು, ಪೂರೈಸಲು ಮಗುವನ್ನು ಬಳಸಿದರೆ ಏಳು ವರ್ಷಗಳವರೆಗೆ ಕಠಿಣ ಸಜೆ ಮತ್ತು 1 ಲಕ್ಷ ರೂಪಾಯಿವರೆಗೆ ದಂಡ ಇದೆ. ಈ ಕಾನೂನನ್ನು ತೋರಿಸಿ ಅಂಗಡಿಯವನನ್ನು ಹೆದರಿಸಲು ನನ್ನ ಅಡ್ಡಿಯಿಲ್ಲ. ಆದರೆ ಅಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯವೇ ಎಷ್ಟೋ ಮಕ್ಕಳನ್ನು 1098 ಮಕ್ಕಳ ಸಹಾಯವಾಣಿಯಿಂದ ದೂರ ಇಟ್ಟಿದೆ ಎಂಬುದನ್ನೂ ಅಧಿಕಾರಿಗಳು ತಿಳಿದಿರಬೇಕು. ಅಲ್ಲಿಗೆ ಫೋನ್ ಮಾಡಿದ ಮಾತ್ರಕ್ಕೆ ಅಪ್ಪ ಜೈಲಿಗೆ ಹೋಗುವುದಿಲ್ಲ, ಸುಮ್ಮನೆ ಮಾತಾಡಲೂ ಬಹುದು ಎಂದು ಶಾಲೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಗೋಡೆಗೆ ಅಂಟಿಸಿದ ಪೋಸ್ಟರ್ ಅಷ್ಟನ್ನು ಹೇಳುವುದಿಲ್ಲ.

ಅಪ್ಪ ನಿಜವಾಗಿಯೂ ಬಿಟ್ಟ ಮನೆಗಳ ಬಗ್ಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ನಡೆಸುವ ಎಂಟು ದಿನಗಳ ಮದ್ಯವರ್ಜನ ಶಿಬಿರದಿಂದ ಬದಲಾಗಿ ಬಂದು, ಕುಡಿತ ಬಿಟ್ಟವರ ನವಜೀವನ ಸಮಿತಿಯ ಸಭೆಗಳಿಗೆ ತಪ್ಪದೆ ಹೋಗುತ್ತಾ ವರ್ಷಗಟ್ಟಲೆ ಉಳಿಸಿಕೊಂಡವರನ್ನು ನಾನು ಬಲ್ಲೆ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಚಿಕಿತ್ಸೆ ಪಡೆದು ಸುಧಾರಿಸಿದವರೂ ಇದ್ದಾರೆ. ಅಂಥ ಮನೆಯ ಮಗಳೊಬ್ಬಳು ಸಂತೋಷವಾಗಿರುತ್ತಾಳೆಂದು ನಾನು ಎಣಿಸಿದ್ದರೆ, ಅವಳು ಮೊದಲಿಗಿಂತ ಸಿಡುಕಿಯಾಗಿದ್ದಳು. ಇಷ್ಟು ವರ್ಷ ಮನೆಯ ಲೆಕ್ಕ, ತಮ್ಮನ ಓದು, ಅಮ್ಮನ ಔಷಧಿ ಎಲ್ಲ ನೋಡಿಕೊಂಡವಳು ಅವಳು. ಈಗ ಅಪ್ಪ ಎಚ್ಚರಗೊಂಡು ಎಲ್ಲಿಗೆ ಹೋಗ್ತೀಯ, ಯಾರ ಜೊತೆ ಹೋಗ್ತೀಯ, ಯಾಕೆ ತಡವಾಯಿತು ಎಂದು ಕೇಳತೊಡಗಿದ್ದರು. ‘ಅವತ್ತೆಲ್ಲ ಕೇಳದೇ ಇದ್ದೋರು ಇವತ್ತು ಯಾಕೆ ಮೇಡಂ ಕೇಳ್ಬೇಕು’ ಎಂಬ ಅವಳ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಜೊತೆಗೆ ಬಿಟ್ಟವರು ಮತ್ತೆ ಶುರುಮಾಡುವ ಸಾಧ್ಯತೆ ಯಾವಾಗಲೂ ಇರುವುದರಿಂದ, ಬೈಕಿನ ಸದ್ದಿಗೆ ಕಿವಿಗೊಡುವುದನ್ನು ಅವಳಿನ್ನೂ ನಿಲ್ಲಿಸಿರಲಿಲ್ಲ. ಕುಡಿತ ಬಿಟ್ಟವನಿಗೆ ಹಾರ ಹಾಕಿ ಸನ್ಮಾನಿಸುವ ಸಭೆಯಲ್ಲಿ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನಗೆ ಈಗ ಹೇಗಿದೆ ಎಂದು ಕೇಳುವವರೊಬ್ಬರು ಇರಬೇಕು. ವ್ಯಸನಮುಕ್ತಿ ಕೇಂದ್ರದ ದಾಖಲಾತಿ ಅರ್ಜಿಯಲ್ಲಿ ಮಕ್ಕಳ ವಯಸ್ಸು ಬರೆದುಕೊಂಡು, ಹದಿಹರೆಯದವರಿದ್ದರೆ ಅವರೊಂದಿಗೆ ಒಂದು ಸಲವಾದರೂ ಪ್ರತ್ಯೇಕವಾಗಿ ಮಾತಾಡುವುದನ್ನು ಕಡ್ಡಾಯ ಮಾಡಿದರೆ ಅದಕ್ಕೆ ಹೊಸ ಕಟ್ಟಡ ಕಟ್ಟಬೇಕಾಗಿಲ್ಲ.

ನಿಷೇಧದ ಬಗ್ಗೆ ನನ್ನ ನಿಲುವೇನು ಎಂದು ಓದುಗರು ಕೇಳಬಹುದು. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದಾಗ ನನ್ನಂಥವರೆಲ್ಲ ಹಿಗ್ಗಿದ್ದೆವು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ರಮ್ಮುಗಳು ಬಂದು ಕೂತವು. 2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿಗೆ ಹೆದ್ದಾರಿಯಲ್ಲಿ ನಡೆದುಹೋದರು. ಅವರ ಬೇಡಿಕೆ ಮದ್ಯಪಾನ ನಿಷೇಧಕ್ಕೆ ಸರ್ಕಾರ ಶ್ರಮಿಸಬೇಕು ಎನ್ನುವ ಸಂವಿಧಾನದ 47ನೇ ವಿಧಿಯ ಆಶಯಕ್ಕೆ ಅನುಗುಣವಾಗಿದೆ, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ನಡಿಗೆಯ ವರ್ಷ ಹತ್ತನೇ ತರಗತಿಯಲ್ಲಿದ್ದವರು ಈಗ ಪದವಿ ಮುಗಿಸಿದ್ದಾರೆ, ಇಲ್ಲವೇ ಓದು ಬಿಟ್ಟಿದ್ದಾರೆ. ಅಬಕಾರಿ ಗುರಿ ಮಾತ್ರ ಏರುತ್ತಲೇ ಇದೆ. ಆ ದೊಡ್ಡ ವಾದ ತೀರ್ಮಾನವಾಗುವ ತನಕ ಮಾಡಬಹುದಾದ ಸಣ್ಣ ಕೆಲಸಗಳಿವೆ, ನನ್ನ ಆಸಕ್ತಿ ಅವುಗಳ ಮೇಲೆ.

ಅವುಗಳಲ್ಲಿ ನನಗೆ ಎಲ್ಲಕ್ಕಿಂತ ತುರ್ತಾಗಿ ಕಾಣುವುದು ರಜೆಯ ಪ್ರಶ್ನೆ. ದಸರಾ ರಜೆ ಹತ್ತಿರವಾದಂತೆ ಹಾಸ್ಟೆಲಿನಲ್ಲಿ ಹೆಚ್ಚಿನ ಮಕ್ಕಳು ಬ್ಯಾಗು ಕಟ್ಟುವ ಸಡಗರದಲ್ಲಿದ್ದರೆ, ಕೆಲವರು ಕಚೇರಿಯ ಬಾಗಿಲಲ್ಲಿ ನಿಂತು ‘ಮೇಡಂ, ಇಲ್ಲೇ ಇರಬಹುದಾ’ ಎಂದು ಕೇಳುತ್ತಾರೆ. ರಜೆಯಲ್ಲಿ ಅಡುಗೆ ನಿಲ್ಲುತ್ತದೆ, ಉಳಿಯಬೇಕೆಂದರೆ ಕಾರಣ ಬರೆದುಕೊಟ್ಟು ಪೋಷಕರ ಸಹಿ ತರಬೇಕು. ನನ್ನ ಅಪ್ಪ ಕುಡಿಯುತ್ತಾರೆ ಎಂದು ಬರೆದು ಅದೇ ಅಪ್ಪನ ಸಹಿ ಹಾಕಿಸಿಕೊಂಡು ಬರುವ ಮಗು ಯಾವುದು? ವಿಶೇಷ ತರಗತಿ ಇದೆ ಎಂದು ಬರೆದ ಚೀಟಿಗಳು ನನ್ನ ಮೇಜಿಗೆ ಬರುತ್ತಿದ್ದವು, ಕಾಲೇಜಿನ ಗೇಟಿಗೆ ಬೀಗ ಬಿದ್ದಿರುತ್ತಿತ್ತು. ಪ್ರತಿ ತಾಲ್ಲೂಕಿನಲ್ಲಿ ಬಾಲಕಿಯರಿಗೊಂದು, ಬಾಲಕರಿಗೊಂದು ನಿಲಯವನ್ನಾದರೂ ಕಾರಣ ಕೇಳದೆ, ಸಹಿ ಕೇಳದೆ ರಜೆಯಲ್ಲೂ ತೆರೆದಿಟ್ಟು, ಇತರ ನಿಲಯಗಳ ಮಕ್ಕಳಿಗೂ ಅಲ್ಲಿ ಉಳಿಯಲು ಅವಕಾಶ ಕೊಟ್ಟರೆ ಬೇಕಾಗುವುದು ಒಬ್ಬರು ಅಡುಗೆಯವರು, ಒಬ್ಬರು ಕಾವಲುಗಾರರು, ರಜಾ ದಿನಗಳ ರೇಷನ್ನು. 40,000 ಕೋಟಿಯಲ್ಲಿ ಇದು ಲೆಕ್ಕಕ್ಕೂ ಬಾರದ ಮೊತ್ತ, ಮತ್ತು ಆ ಆದಾಯದ ಒಂದು ಪಾಲು ಇದೇ ಮಕ್ಕಳ ಮನೆಗಳಿಂದ ಬಂದದ್ದು.

ವ್ಯವಸ್ಥೆಯೇ ಇಲ್ಲವೆಂದೇನೂ ಅಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬೆಳೆದದ್ದೇ ನಮ್ಮ ಬಳ್ಳಾರಿಯ ಪ್ರಯೋಗದಿಂದ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ಮನೋಚೈತನ್ಯ ಯೋಜನೆ ಇದೆ, ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇದೆ. ನಮ್ಮ ಮಕ್ಕಳಿಗೆ ಸ್ನೇಹ ಕ್ಲಿನಿಕ್ ಎಂದರೆ ಮುಟ್ಟಿನ ತೊಂದರೆ ಮತ್ತು ಕಬ್ಬಿಣಾಂಶದ ಮಾತ್ರೆ. ಮನೆಯ ಕುಡಿತದ ವಿಷಯವನ್ನೂ ಅಲ್ಲಿ ಮಾತಾಡಬಹುದೆಂದು ಅವರಿಗೆ ಯಾರೂ ಹೇಳಿಲ್ಲ. ಅಮೆರಿಕದಲ್ಲಿ ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೋಹಾಲಿಕ್ಸ್ ಅನಾನಿಮಸ್ ಎಂಬ ಕೂಟ ಶುರುವಾದದ್ದು 1935ರಲ್ಲಿ. 1957ರ ಹೊತ್ತಿಗೆ ಕುಡಿಯುವವರ ಹದಿಹರೆಯದ ಮಕ್ಕಳಿಗಾಗಿ ಅಲಟೀನ್ ಎಂಬ ಪ್ರತ್ಯೇಕ ಕೂಟ ಹುಟ್ಟಿಕೊಂಡಿತ್ತು. ಅಲ್ಲಿ ಮಕ್ಕಳಿಗೆ ಮೊದಲು ಮನವರಿಕೆ ಮಾಡಿಕೊಡುವ ಸಂಗತಿ, ಅಪ್ಪನೋ ಅಮ್ಮನೋ ಕುಡಿಯುವುದಕ್ಕೆ ನೀನು ಕಾರಣನಲ್ಲ, ಅದನ್ನು ನಿಲ್ಲಿಸುವುದು ನಿನ್ನ ಕೈಯಲ್ಲೂ ಇಲ್ಲ ಎಂಬುದು. ನಾನು ಚೆನ್ನಾಗಿ ಓದಿದ್ದರೆ, ನಾನು ಎದುರು ಮಾತಾಡದಿದ್ದರೆ ಅಪ್ಪ ಕುಡಿಯುತ್ತಿರಲಿಲ್ಲ ಎಂದು ನಂಬಿಕೊಂಡ ಮಕ್ಕಳು ನಮ್ಮಲ್ಲೂ ಬೇಕಾದಷ್ಟಿದ್ದಾರೆ. ನಮ್ಮ ತಾಲ್ಲೂಕುಗಳಲ್ಲಿ ಅಂಥ ಕೂಟವೊಂದನ್ನು ನಾನು ಕಂಡಿಲ್ಲ. ಪಿಯು ಕಾಲೇಜಿಗೊಬ್ಬ ತರಬೇತಾದ ಆಪ್ತಸಮಾಲೋಚಕರು ಇದನ್ನು ಶುರುಮಾಡಬಹುದು.

ಕೊನೆಯದಾಗಿ ತಮ್ಮಲ್ಲೇ ಒಂದು ವಿನಂತಿ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು, ಊಟದಲ್ಲಿ ಬೆರೆಸಿಕೊಡಿ’ ಎಂಬ ಜಾಹೀರಾತುಗಳು ಕನ್ನಡದ ಪತ್ರಿಕೆಗಳ ವರ್ಗೀಕೃತ ಪುಟಗಳಲ್ಲಿ ಬರುತ್ತಲೇ ಇವೆ. ತಾಯಂದಿರು ಅದನ್ನು ಓದುವುದು ಮಕ್ಕಳ ಬಾಯಿಂದ, ಆ ಸಂಖ್ಯೆಗೆ ಫೋನ್ ಮಾಡುವವರೂ ಮಕ್ಕಳೇ, ಸಾರಿಗೆ ಪುಡಿ ಬೆರೆಸುವುದೂ ಎಷ್ಟೋ ಸಲ ಮಕ್ಕಳ ಕೈ. ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ತೆಗೆದುಕೊಂಡವರು ಮದ್ಯ ಸೇವಿಸಿದರೆ ವಾಂತಿ, ಎದೆಬಡಿತ ಕಾಣಿಸಿಕೊಂಡು ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ರೋಗಿಗೆ ತಿಳಿಸಿ, ಅವನು ಒಪ್ಪಿದ ಮೇಲೆಯೇ ಅದನ್ನು ಕೊಡಬೇಕೆಂಬ ನಿಯಮ ಇರುವುದು ಆ ಕಾರಣಕ್ಕೆ. ಹೆಸರಿಲ್ಲದ ಪುಡಿಯಲ್ಲಿ ಏನಿದೆ ಎಂದು ಯಾರು ಬಲ್ಲರು? ಇಂಥ ಜಾಹೀರಾತುಗಳನ್ನು ತಮ್ಮ ಪತ್ರಿಕೆ ಪೂರ್ತಿಯಾಗಿ ನಿಲ್ಲಿಸಬೇಕು. ಅದಕ್ಕೆ ಕಾಲ ಹಿಡಿಯುವುದಾದರೆ ಅದೇ ಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಮಕ್ಕಳ ಸಹಾಯವಾಣಿ 1098, ವ್ಯಸನಮುಕ್ತಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಸಂಖ್ಯೆಗಳನ್ನು ಪ್ರತಿದಿನ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇಂತಿ,
ನಿವೃತ್ತ ನಿಲಯಪಾಲಕಿ,
ಚಿತ್ರದುರ್ಗ ಜಿಲ್ಲೆ